ಕಾಂಬೋಡಿಯಾ ಪ್ರವಾಸ: ಹಣ ಎಲ್ಲಿ ಸುರಿಯಬೇಕು, ಸಮಯ ಎಲ್ಲಿ ಕೊಡಬೇಕು

ಕಾಂಬೋಡಿಯಾಕ್ಕೆ ಹೋಗಿಬಂದವರಲ್ಲಿ ಹಲವರು ಹೇಳುವ ಮಾತೊಂದಿದೆ: ಮೊದಲ ದಿನ ಅಂಕೋರ್ ವಾಟ್ ಕಂಡು ಬೆರಗಾದೆವು, ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗುಡಿಗಳೆಲ್ಲ ಒಂದೇ ಥರ ಕಾಣತೊಡಗಿದವು. ಈ ದಣಿವಿಗೆ ಮುಖ್ಯ ಕಾರಣ ನೋಡಿದ ಕ್ರಮ. ಬಹುತೇಕ ಪ್ರವಾಸ ಸಂಸ್ಥೆಗಳು ಅತಿ ದೊಡ್ಡದನ್ನೂ ಅತಿ ಪ್ರಸಿದ್ಧವಾದುದನ್ನೂ ಮೊದಲೇ ತೋರಿಸಿಬಿಡುತ್ತವೆ. ಆಮೇಲೆ ಕಾಣುವ ಚಿಕ್ಕ, ಹಳೆಯ, ಸೂಕ್ಷ್ಮವಾದ ಗುಡಿಗಳು ಆ ನೆರಳಿನಲ್ಲಿ ಮಂಕಾಗುತ್ತವೆ. ಧಾರಾಳವಾಗಿ ಖರ್ಚು ಮಾಡಲು ಸಿದ್ಧರಿರುವವರೂ ಇದೇ ದಾರಿ ಹಿಡಿಯುತ್ತಾರೆ. ಅವರ ಹಣದ ಬಹುಭಾಗ ಹೋಟೆಲಿನ ಕೊಠಡಿಗೇ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ದೇಶದಲ್ಲಿ ಹಣ ಸಾರ್ಥಕವಾಗುವುದು ಮೊದಲು ಒಳ್ಳೆಯ ಮಾರ್ಗದರ್ಶಿಗೆ, ಆಮೇಲೆ ಸ್ವಂತಕ್ಕೆ ಗೊತ್ತುಮಾಡಿಕೊಂಡ ವಾಹನಕ್ಕೆ, ಆಮೇಲೆ ಹೆಚ್ಚುವರಿಯಾಗಿ ಉಳಿಯುವ ಒಂದೆರಡು ದಿನಗಳಿಗೆ. ಕೊಠಡಿಯದು ನಾಲ್ಕನೆಯ ಸ್ಥಾನ.

ಹತ್ತು ದಿನಗಳಿದ್ದರೆ ಈ ಪ್ರವಾಸವನ್ನು ಚೆನ್ನಾಗಿ ಮಾಡಬಹುದು. ಎಂಟಕ್ಕೆ ಇಳಿಸಲು ಸಾಧ್ಯ. ಐದೇ ದಿನಗಳಿದ್ದರೆ ರಾಜಧಾನಿ ನೋಮ್ ಪೆನ್ ಅನ್ನು ಬಿಟ್ಟು, ಅಂಕೋರ್ ಗುಡಿಗಳ ಪಕ್ಕದ ಊರಾದ ಸಿಯೆಮ್ ರೀಪ್‌ನಲ್ಲೇ ನೆಲೆಸುವುದು ಮೇಲು.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಳೆಯಿಲ್ಲದ, ಹಿತವಾದ ಹವೆಯಿರುತ್ತದೆ, ಜನಸಂದಣಿಯೂ ಆಗಲೇ ಹೆಚ್ಚು. ಮಾರ್ಚ್ ಕೊನೆಯಿಂದ ಮೇ ತನಕದ ಬಿಸಿಲಿನಲ್ಲಿ ಕಲ್ಲಿನ ಮೆಟ್ಟಿಲು ಹತ್ತಿ ಇಳಿಯುವುದು ಶಿಕ್ಷೆಯೇ ಸರಿ. ಏಪ್ರಿಲ್ ಮಧ್ಯದಲ್ಲಿ ಖ್ಮೇರರ, ಅಂದರೆ ಅಲ್ಲಿನ ಮುಖ್ಯ ಜನಾಂಗದ, ಹೊಸವರ್ಷ ಬರುವುದರಿಂದ ಊರಿಗೆ ಊರೇ ರಜೆಯಲ್ಲಿರುತ್ತದೆ. ಜೂನ್‌ನಿಂದ ಅಕ್ಟೋಬರ್ ಮಳೆಗಾಲ. ಆದರೆ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ, ಬೆಳಗಿನ ಹೊತ್ತು ಹೆಚ್ಚಾಗಿ ತೆರವಾಗಿಯೇ ಸಿಗುತ್ತದೆ. ಆಯ್ಕೆ ನನ್ನದಾದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ಭಾಗವನ್ನು ಆರಿಸುವೆ. ಆಗ ಕಂದಕಗಳು ತುಂಬಿರುತ್ತವೆ, ಗದ್ದೆಗಳು ಹಸಿರಾಗಿರುತ್ತವೆ, ಕಲ್ಲಿನ ಮೇಲಿನ ಪಾಚಿ ಇನ್ನೂ ಒಣಗಿರುವುದಿಲ್ಲ.

ಇದೇ ಕಾಲದಲ್ಲಿ ಟೋನ್ಲೆ ಸಾಪ್ ಸರೋವರವೂ ತುಂಬಿರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ನದಿಯ ಮಟ್ಟ ಏರಿದಾಗ ಟೋನ್ಲೆ ಸಾಪ್ ನದಿಯು ದಿಕ್ಕು ಬದಲಿಸಿ ಸರೋವರದ ಕಡೆಗೆ ಹಿಂದಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಆಗ ಹಲವು ಪಟ್ಟು ಹಿಗ್ಗುತ್ತದೆ. ಮಳೆ ಮುಗಿದು ನದಿ ಮತ್ತೆ ಸಮುದ್ರದತ್ತ ತಿರುಗುವ ಸಂದರ್ಭವನ್ನು ನೋಮ್ ಪೆನ್‌ನಲ್ಲಿ ಬೊನ್ ಒಮ್ ತೂಕ್ ಎಂಬ ದೋಣಿ ಓಟದ ಹಬ್ಬವಾಗಿ ಆಚರಿಸುತ್ತಾರೆ. ಇದು ಸಾಮಾನ್ಯವಾಗಿ ನವೆಂಬರ್ ಹುಣ್ಣಿಮೆಯ ಸುತ್ತ ಬರುತ್ತದೆ. ಹಬ್ಬವನ್ನು ನೋಡಲೇಬೇಕೆನ್ನುವವರು ನದಿದಂಡೆಯ ಕೊಠಡಿಯನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಜನಜಂಗುಳಿ ಬೇಡವೆನ್ನುವವರು ಆ ಮೂರು ದಿನ ರಾಜಧಾನಿಯಿಂದ ದೂರವಿರಬೇಕು.

ಪ್ರವೇಶ, ಹಣ ಮತ್ತು ಗಡಿ

30 ದಿನಗಳ ಪ್ರವಾಸಿ ವೀಸಾವನ್ನು ಸರ್ಕಾರದ ಅಧಿಕೃತ ಇ-ವೀಸಾ ತಾಣದಲ್ಲೇ ಪಡೆಯಿರಿ. ಅದೇ ರೂಪ ಹೊತ್ತ ಖಾಸಗಿ ತಾಣಗಳು ಹೆಚ್ಚು ಶುಲ್ಕ ಕೀಳುತ್ತವೆ. ವಿಮಾನದಲ್ಲಿ ಬರುವವರೆಲ್ಲ ಆಗಮನಕ್ಕೆ ಮುಂಚಿನ ಏಳು ದಿನಗಳೊಳಗೆ ಇ-ಅರೈವಲ್ ಅರ್ಜಿಯನ್ನು ತುಂಬಬೇಕು, ಅದಕ್ಕೆ ಶುಲ್ಕವಿಲ್ಲ.

ನೆಲದ ಹಣ ರಿಯೆಲ್ ಆದರೂ ದೊಡ್ಡ ವ್ಯವಹಾರವೆಲ್ಲ ಅಮೆರಿಕದ ಡಾಲರ್‌ನಲ್ಲಿ ನಡೆಯುತ್ತದೆ. ಒಂದು ಡಾಲರ್‌ಗೆ ಹೆಚ್ಚುಕಡಿಮೆ 4,000 ರಿಯೆಲ್ ಎಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಡಾಲರ್ ನೋಟಿನಲ್ಲಿ ಒಂದು ಸಣ್ಣ ಹರಕು, ಒಂದು ಶಾಯಿಯ ಗುರುತು ಇದ್ದರೂ ಅಂಗಡಿಯವರು ಹಿಂದಿರುಗಿಸುತ್ತಾರೆ. ಹಾಗಾಗಿ ಹೊಸ ನೋಟುಗಳನ್ನೇ ಒಯ್ಯಬೇಕು, ಯಾರಾದರೂ ಹರಿದ ನೋಟು ಕೊಟ್ಟರೆ ಅಲ್ಲೇ ಬದಲಿಸಿಕೊಳ್ಳಬೇಕು. ಚಿಲ್ಲರೆ ರಿಯೆಲ್‌ನಲ್ಲಿ ಬರುತ್ತದೆ. ಅದನ್ನು ರೆಮೋರ್ಕ್, ಅಂದರೆ ಅಲ್ಲಿನ ತುಕ್‌ತುಕ್, ಮತ್ತು ಸಂತೆಯ ಖರ್ಚಿಗೆ ಇಟ್ಟುಕೊಳ್ಳಿ.

ಥಾಯ್ಲೆಂಡ್ ಗಡಿಯ ವಿಷಯದಲ್ಲಿ ಎಚ್ಚರ ಬೇಕು. 2025ರಲ್ಲಿ ಎರಡು ದೇಶಗಳ ಸೈನ್ಯಗಳ ನಡುವೆ ಘರ್ಷಣೆ ನಡೆದು ನೆಲಗಡಿಗಳು ಮುಚ್ಚಿದವು. ಬ್ಯಾಂಕಾಕ್‌ನಿಂದ ರಸ್ತೆಯಲ್ಲಿ ಬರುವ ಆಲೋಚನೆಯನ್ನು ಬಿಟ್ಟು ವಿಮಾನದಲ್ಲೇ ಬನ್ನಿ. ಬೆಟ್ಟದ ತುದಿಯ ಪ್ರಿಯಾ ವಿಹಿಯರ್ ಶಿವಾಲಯವು 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಅಪೂರ್ವ ಸ್ಥಳವೇ ಆದರೂ ಗಡಿಗೆ ಅಂಟಿಕೊಂಡೇ ಇದೆ. ಪರಿಸ್ಥಿತಿ ಖಚಿತವಾಗಿ ತಿಳಿಯದೆ ಅದನ್ನು ಯೋಜನೆಯಲ್ಲಿ ಸೇರಿಸಬಾರದು.

ಆರಂಭ ನೋಮ್ ಪೆನ್‌ನಿಂದಲೇ ಆಗಲಿ

ಸಿಯೆಮ್ ರೀಪ್‌ಗೆ ನೇರವಾಗಿ ಇಳಿಯುವುದು ಸುಲಭ. ಆದರೂ ರಾಜಧಾನಿಯಲ್ಲಿ ಎರಡು ಇಲ್ಲವೇ ಮೂರು ರಾತ್ರಿ ಕಳೆದು ಮುಂದೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗುಡಿಗಳ ಒಳಗೆ ಇಂದು ಮೂಲ ವಿಗ್ರಹಗಳು ಉಳಿದಿಲ್ಲವೆಂದೇ ಹೇಳಬಹುದು, ಉಳಿದವುಗಳಲ್ಲಿ ಶ್ರೇಷ್ಠವಾದವು ನೋಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಜಾರ್ಜ್ ಗ್ರೋಲಿಯೆ ರೂಪಿಸಿದ, 1920ರಲ್ಲಿ ತೆರೆದ ಈ ಕೆಂಪು ಕಟ್ಟಡವನ್ನು ಮೊದಲು ನೋಡಿದವರಿಗೆ ಮುಂದೆ ಖಾಲಿ ಗರ್ಭಗುಡಿಯಲ್ಲಿ ನಿಂತಾಗ ಅಲ್ಲಿ ಏನಿತ್ತೆಂದು ಕಲ್ಪಿಸಿಕೊಳ್ಳಲು ಸಾಧ್ಯವಾಗುತ್ತದೆ.

ಇಲ್ಲಿ ಅರ್ಧ ದಿನ ಬೇಕು, ಮತ್ತು ಶಿಲ್ಪ ಬಲ್ಲ ಮಾರ್ಗದರ್ಶಿ ಬೇಕು. ನೋಮ್ ದಾ ಬೆಟ್ಟದಿಂದ ಬಂದ ಎಂಟು ತೋಳಿನ ವಿಷ್ಣು, ಕಣ್ಣು ಮುಚ್ಚಿ ಕುಳಿತ ಏಳನೆಯ ಜಯವರ್ಮನ ಕಲ್ಲಿನ ಮೂರ್ತಿ, ಹರಿಹರ ಮೂರ್ತಿಗಳು ಎಲ್ಲವೂ ಒಂದೊಂದಾಗಿ ನಿಲ್ಲಿಸಿಕೊಳ್ಳುತ್ತವೆ. ಆದರೆ ಮಹಾಭಾರತದ ಕಥೆ ಕೇಳಿ ಬೆಳೆದವರು ಹೆಚ್ಚು ಹೊತ್ತು ಕೊಡಬೇಕಾದದ್ದು ಹಳೆಯ ರಾಜಧಾನಿ ಕೊ ಕೇರ್‌ನ ಪ್ರಸಾತ್ ಚೆನ್ ಗುಡಿಯಿಂದ ಬಂದ ಶಿಲ್ಪಗಳಿಗೆ. ಹತ್ತನೆಯ ಶತಮಾನದ ಶಿಲ್ಪಿಗಳು ಭೀಮ ದುರ್ಯೋಧನರ ಗದಾಯುದ್ಧವನ್ನು ಗೋಡೆಯ ಮೇಲಿನ ಉಬ್ಬುಚಿತ್ರವಾಗಿ ಕೆತ್ತದೆ, ಆಳೆತ್ತರದ ಬಿಡಿ ಮೂರ್ತಿಗಳಾಗಿ, ನೋಡುವ ಬಂಧುಗಳ ಸಮೇತ ನೆಲದ ಮೇಲೆ ನಿಲ್ಲಿಸಿದ್ದರು. ಅಂತರ್ಯುದ್ಧದ ವರ್ಷಗಳಲ್ಲಿ ಕಳ್ಳರು ಅವನ್ನು ಪಾದದ ಬಳಿ ಕಡಿದು ಸಾಗಿಸಿದರು. ದುರ್ಯೋಧನ ಹರಾಜು ಸಂಸ್ಥೆ ಸದಬೀಸ್‌ಗೆ, ಬಲರಾಮ ಕ್ರಿಸ್ಟೀಸ್‌ಗೆ, ಭೀಮ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ವಸ್ತುಸಂಗ್ರಹಾಲಯಕ್ಕೆ ತಲುಪಿದ್ದರು. ಗುಡಿಯಲ್ಲೇ ಉಳಿದಿದ್ದ ಪಾದಗಳೂ ಪೀಠಗಳೂ ಇವು ಎಲ್ಲಿಯವೆಂಬುದಕ್ಕೆ ಸಾಕ್ಷಿಯಾದವು, ಮೂವರೂ 2014ರಲ್ಲಿ ಮರಳಿ ಬಂದರು. ಇದೇ ಗದಾಯುದ್ಧವನ್ನು ಬಂತೆಯ್ ಸ್ರೈ ಗುಡಿಯ ಶಿಲ್ಪಿಗಳು ಹೇಗೆ ಚಿಕ್ಕದಾಗಿ ಕೆತ್ತಿದರೆಂಬುದನ್ನು ತೋರಿಸುವ ಕಮಾನು ಫಲಕವೂ ಈ ಸಂಗ್ರಹಾಲಯದಲ್ಲೇ ಇದೆ. ಎರಡನ್ನೂ ಒಂದೇ ಭೇಟಿಯಲ್ಲಿ ಹೋಲಿಸಿ ನೋಡಿದವರ ಕಣ್ಣು ಮುಂದಿನ ವಾರಕ್ಕೆ ಪಳಗಿರುತ್ತದೆ.

ಅರಮನೆ ಮತ್ತು ಅದರ ಆವರಣದ ಬೆಳ್ಳಿ ಪಗೋಡ ಪಕ್ಕದಲ್ಲೇ ಇವೆ, ಒಂದು ಬೆಳಗು ಸಾಕು.

ತೂಲ್ ಸ್ಲೆಂಗ್ ಮತ್ತು ಚೊಯೆಂಗ್ ಎಕ್ ಸ್ಮಾರಕಗಳಿಗೆ ಹೋಗಬೇಕೇ ಎಂಬ ಪ್ರಶ್ನೆ ವಿರಾಮಕ್ಕೆಂದು ಬಂದವರಲ್ಲಿ ಏಳುವುದು ಸಹಜ. ಹೋಗಬೇಕು, ಆದರೆ ಸಣ್ಣ ಮಕ್ಕಳನ್ನು ಕರೆದೊಯ್ಯಬಾರದು. 1975ರ ಏಪ್ರಿಲ್ 17ರಿಂದ 1979ರ ಜನವರಿ 7ರವರೆಗಿನ, ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟ್ ಪಡೆಯ ಆಳ್ವಿಕೆಯಲ್ಲಿ ಹದಿನೇಳು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಪ್ರೌಢಶಾಲೆಯಾಗಿದ್ದ ತೂಲ್ ಸ್ಲೆಂಗ್ ಅವರ ಎಸ್-21 ಸೆರೆಮನೆಯಾಯಿತು. ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ಚೊಯೆಂಗ್ ಎಕ್ ಕೈದಿಗಳನ್ನು ಕೊಂದು ಹೂಳುವ ಜಾಗವಾಯಿತು. ಎರಡೂ 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇಲ್ಲಿ ಮಾರ್ಗದರ್ಶಿಯ ಮಾತಿಗಿಂತ ಕಿವಿಗೆ ಹಾಕಿಕೊಳ್ಳುವ ಧ್ವನಿ ವಿವರಣೆಯೇ ಹೆಚ್ಚು ಹೊಂದುತ್ತದೆ. ಗುಂಪಿನಲ್ಲಿದ್ದೂ ಒಬ್ಬರೇ ಇರಲು ಅದು ಅವಕಾಶ ಕೊಡುತ್ತದೆ. ಬೆಳಗ್ಗೆ ಹೋಗಿ, ಆ ದಿನದ ಸಂಜೆಗೆ ನದಿವಿಹಾರವನ್ನಾಗಲಿ ವಿಶೇಷ ಔತಣವನ್ನಾಗಲಿ ಇಟ್ಟುಕೊಳ್ಳಬೇಡಿ.

ರಸ್ತೆಯಲ್ಲೇ ಹೋಗುವುದು ಏಕೆ ಮೇಲು

ನೋಮ್ ಪೆನ್‌ನಿಂದ ಸಿಯೆಮ್ ರೀಪ್‌ಗೆ ವಿಮಾನ ಮುಕ್ಕಾಲು ಗಂಟೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಹೊಸ ವಿಮಾನ ನಿಲ್ದಾಣ ಊರಿನಿಂದ ಒಂದು ಗಂಟೆಯ ದೂರದಲ್ಲಿರುವುದರಿಂದ ಹಾರಾಟದ ಉಳಿತಾಯ ಕಾಣುವಷ್ಟು ದೊಡ್ಡದಲ್ಲ. ಒಳ್ಳೆಯ ಕಾರು, ನುರಿತ ಚಾಲಕ ಇದ್ದರೆ ರಾಷ್ಟ್ರೀಯ ಹೆದ್ದಾರಿ 6ರಲ್ಲಿ ಸುಮಾರು 320 ಕಿಲೋಮೀಟರ್ ಸಾಗುವ ಒಂದು ದಿನ ಇಡೀ ಪ್ರವಾಸದಲ್ಲೇ ಉತ್ತಮ ಹೂಡಿಕೆ.

ನಡುದಾರಿಯಲ್ಲಿ ಕಂಪೋಂಗ್ ತೋಮ್ ಪಟ್ಟಣದಿಂದ ಸುಮಾರು 30 ಕಿಲೋಮೀಟರ್ ಒಳಗೆ ಸಾಂಬೋರ್ ಪ್ರೈ ಕುಕ್ ಇದೆ. ಇದು ಏಳನೆಯ ಶತಮಾನದ ಈಶಾನಪುರ, ಈಶಾನವರ್ಮನ ರಾಜಧಾನಿ. ಖ್ಮೇರ್ ಅರಸರ ರಾಜಧಾನಿ ಅಂಕೋರ್ ಹುಟ್ಟುವುದಕ್ಕೆ ಇನ್ನೂ ಎರಡು ಶತಮಾನ ಬಾಕಿಯಿದ್ದಾಗ ಇಲ್ಲಿ ಗಂಭೀರೇಶ್ವರನ ಪೂಜೆ ನಡೆಯುತ್ತಿತ್ತು. ಎಂಟು ಮೂಲೆಯ ಇಟ್ಟಿಗೆ ಗುಡಿಗಳು ಕಾಡಿನೊಳಗೆ ಚದುರಿ ನಿಂತಿವೆ, ಕೆಲವನ್ನು ಮರದ ಬೇರುಗಳು ಬಿಗಿದಪ್ಪಿವೆ, ಗೋಡೆಗಳ ಮೇಲೆ ದೇವತೆಗಳನ್ನು ಹೊತ್ತು ತೇಲುವ ಮಂಟಪಗಳ ಕೆತ್ತನೆಯಿದೆ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದರೂ ಜನ ಅಷ್ಟಾಗಿ ಬರುವುದಿಲ್ಲ. ಮುಂದೆ ಕಂಪೋಂಗ್ ಕ್ದೈ ಎಂಬಲ್ಲಿ ಹೆದ್ದಾರಿಯ ಬದಿಗೇ ಹನ್ನೆರಡನೆಯ ಶತಮಾನದ ಕಾಲದ ಕಲ್ಲು ಸೇತುವೆಯಿದೆ. ಹೆಡೆಯೆತ್ತಿದ ನಾಗಗಳೇ ಅದರ ಕಟಕಟೆ. ಕಾಲು ಗಂಟೆ ಇಳಿದು ನಡೆದು ನೋಡಿ.

ಅಂಕೋರ್ ಚೀಟಿ ಮತ್ತು ಮಾರ್ಗದರ್ಶಿ

ಅಂಕೋರ್ ಪ್ರವೇಶಕ್ಕೆ ಒಂದು ದಿನದ ಚೀಟಿ 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಮೂರು ದಿನದ ಚೀಟಿಯನ್ನು ಹತ್ತು ದಿನಗಳೊಳಗೆ, ಏಳು ದಿನದ್ದನ್ನು ಒಂದು ತಿಂಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದು. ಹತ್ತು ಡಾಲರ್ ಹೆಚ್ಚಿಗೆ ಕೊಟ್ಟು ಏಳು ದಿನದ್ದನ್ನೇ ಪಡೆಯಿರಿ. ದಿನಕ್ಕೆ ಮೂರೇ ಗಂಟೆ ನೋಡಿ ಹಿಂದಿರುಗುವ ಸ್ವಾತಂತ್ರ್ಯ ಅದರಿಂದ ಸಿಗುತ್ತದೆ. ಅಧಿಕೃತ ಸಂಸ್ಥೆಯಾದ ಅಂಕೋರ್ ಎಂಟರ್‌ಪ್ರೈಸ್‌ನಲ್ಲಿ ಅಥವಾ ಅದರ ತಾಣದಲ್ಲಿ ಮಾತ್ರ ಕೊಳ್ಳಬೇಕು. ಚೀಟಿಯ ಮೇಲೆ ನಿಮ್ಮ ಭಾವಚಿತ್ರವಿರುತ್ತದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಚೀಟಿ ಬೇಡ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಪ್ರತಿ ಚೀಟಿಯಿಂದ 2 ಡಾಲರ್ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ. ಕೊ ಕೇರ್ ಮತ್ತು ಕುಲೇನ್ ಬೆಟ್ಟಕ್ಕೆ ಬೇರೆ ಶುಲ್ಕವಿದೆ.

ಮಾರ್ಗದರ್ಶಿಗಳಿಗೆ ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಇರಬೇಕು. ಪರವಾನಗಿ ಇದ್ದವರೆಲ್ಲ ಒಂದೇ ಮಟ್ಟದವರಲ್ಲ. ಹೋಟೆಲು ನೇಮಿಸಿದವರನ್ನು ಹಾಗೆಯೇ ಒಪ್ಪಿಕೊಳ್ಳುವ ಬದಲು, ಮುಂಚಿತವಾಗಿ ಪತ್ರ ಬರೆದು ಎರಡು ಪ್ರಶ್ನೆ ಕೇಳಿ: ಉಬ್ಬುಚಿತ್ರಗಳ ಮುಂದೆ ಎಷ್ಟು ಹೊತ್ತು ನಿಲ್ಲಿಸುತ್ತೀರಿ, ಮತ್ತು ನಮ್ಮ ಕ್ರಮದಲ್ಲಿ ಗುಡಿಗಳನ್ನು ತೋರಿಸುವಿರಾ? ಇಪ್ಪತ್ತು ಗುಡಿಗಳ ಪಟ್ಟಿ ಕಳಿಸಿದವರನ್ನು ಬಿಟ್ಟು, ನಿಮಗೆ ರಾಮಾಯಣ ಮಹಾಭಾರತ ಎಷ್ಟು ಗೊತ್ತು ಎಂದು ಮರುಪ್ರಶ್ನೆ ಹಾಕಿದವರನ್ನು ಆರಿಸಿಕೊಳ್ಳಿ. ಇಡೀ ವಾರಕ್ಕೆ ಒಬ್ಬರೇ ಇರಲಿ. ಮೊದಲ ದಿನ ಹೇಳಿದ್ದನ್ನು ನಾಲ್ಕನೆಯ ದಿನ ಮುಂದುವರಿಸಲು ಹೊಸಬರಿಂದ ಆಗುವುದಿಲ್ಲ.

ಕಾಲಕ್ರಮದಲ್ಲಿ ಗುಡಿಗಳು

ಮೊದಲ ಬೆಳಗು ಊರಿಂದ ಸುಮಾರು 13 ಕಿಲೋಮೀಟರ್ ಪೂರ್ವದ ರೊಲುವೋಸ್‌ಗೆ ಹೋಗಿ. ಇದು ಹರಿಹರಾಲಯ, ಒಂಬತ್ತನೆಯ ಶತಮಾನದ ರಾಜಧಾನಿ. ಇಂದ್ರವರ್ಮ 879ರಲ್ಲಿ ಪೂರ್ವಿಕರ ನೆನಪಿಗೆ ಪ್ರತಿಷ್ಠಾಪಿಸಿದ ಪ್ರಿಯಾ ಕೋ ಗುಡಿಯ ಮುಂದೆ ನಂದಿಗಳು ಈಗಲೂ ಗುಡಿಯತ್ತ ಮುಖ ಮಾಡಿ ಮಲಗಿವೆ. ಎರಡು ವರ್ಷಗಳ ನಂತರದ ಬಾಕೊಂಗ್‌ನಲ್ಲಿ ಗುಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಮೇರು ಪರ್ವತವಾಗುವ ಯೋಚನೆ ಕಲ್ಲಿನಲ್ಲಿ ರೂಪು ತಳೆಯುತ್ತದೆ. ಅಂಕೋರ್ ವಾಟ್ ಅದೇ ಯೋಚನೆಯ ಪರಾಕಾಷ್ಠೆ. ಮೊಳಕೆಯನ್ನು ಇಲ್ಲಿ ಕಂಡಿದ್ದರೆ ಮರ ಅರ್ಥವಾಗುತ್ತದೆ.

ಎರಡನೆಯ ದಿನ ಬಂತೆಯ್ ಸ್ರೈ. ಬೆಳಗ್ಗೆ 7:30ಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು, ಹೊರಡುವುದು ಆರೂವರೆಗೆ. 967ರಲ್ಲಿ ಪ್ರತಿಷ್ಠೆಗೊಂಡ ಈ ಗುಡಿಯನ್ನು ಕಟ್ಟಿಸಿದವನು ರಾಜಗುರು ಯಜ್ಞವರಾಹ. ಅರಸನಲ್ಲದವನ ಗುಡಿಯಾದ್ದರಿಂದಲೋ ಏನೋ, ಎಲ್ಲವೂ ಮನುಷ್ಯನ ಅಳತೆಗೆ ಕುಗ್ಗಿದೆ. ನಸುಗೆಂಪು ಮರಳುಗಲ್ಲಿನ ಮೇಲೆ ಕೈಲಾಸವನ್ನು ಅಲುಗಿಸುವ ರಾವಣ, ವಾಲಿ ಸುಗ್ರೀವರ ಕಾಳಗ, ಖಾಂಡವವನದ ಬೆಂಕಿಯ ಮೇಲೆ ಇಂದ್ರ ಸುರಿಸುವ ಮಳೆ, ಶಿವನ ಮೇಲೆ ಬಾಣ ಹೂಡಿದ ಕಾಮ ಇವೆಲ್ಲ ಎಷ್ಟು ಆಳವಾಗಿ ಕೆತ್ತಲ್ಪಟ್ಟಿವೆಯೆಂದರೆ ಎಲೆಯ ಹಿಂದೆ ನೆರಳು ಬೀಳುತ್ತದೆ. ಮಳೆಯ ಗೆರೆಗಳನ್ನು ಓರೆಯಾಗಿ ಎಳೆದು ಅವನ್ನು ತಡೆಯಲು ಮೇಲೆ ಬಾಣಗಳ ಚಪ್ಪರ ಹಾಕಿದ ಶಿಲ್ಪಿಯ ಜಾಣ್ಮೆಗೆ ಹತ್ತು ನಿಮಿಷ ಕೊಟ್ಟರೂ ಕಡಿಮೆಯೇ. ಒಂಬತ್ತೂವರೆಯ ನಂತರ ಬಸ್ಸುಗಳು ಬರುತ್ತವೆ. ಆಗ ಅಲ್ಲಿಂದ ಹೊರಟು, ಕಾಲಿಗೆ ಕಸುವಿದ್ದರೆ ಕ್ಬಾಲ್ ಸ್ಪಿಯನ್‌ಗೆ ಹೋಗಬಹುದು. ಕಾಡಿನ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಏರಿದರೆ ಹೊಳೆಯ ತಳದ ಬಂಡೆಯಲ್ಲೇ ಕೆತ್ತಿದ ನೂರಾರು ಶಿವಲಿಂಗಗಳೂ ಶೇಷಶಾಯಿ ವಿಷ್ಣುವೂ ಕಾಣುತ್ತವೆ. ಆ ನೀರು ಅವುಗಳನ್ನು ಸೋಕಿಯೇ ಕೆಳಗಿನ ರಾಜಧಾನಿಗೆ ಹರಿಯುತ್ತಿತ್ತು.

ಅಂಕೋರ್ ವಾಟ್ ಮೂರನೆಯ ದಿನದ್ದು, ಮತ್ತು ಅದಕ್ಕೆ ಎರಡು ಭೇಟಿ ಬೇಕು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಎರಡನೆಯ ಸೂರ್ಯವರ್ಮ ಕಟ್ಟಿಸಿದ ಈ ವಿಷ್ಣು ಗುಡಿಗೆ 190 ಮೀಟರ್ ಅಗಲದ ಕಂದಕವಿದೆ, ನಡುಗೋಪುರ ಸುಮಾರು 65 ಮೀಟರ್ ಎತ್ತರವಿದೆ, ಮತ್ತು ಅಂಕೋರಿನ ಉಳಿದ ಬಹುತೇಕ ಗುಡಿಗಳು ಪೂರ್ವಕ್ಕೆ ನೋಡಿದರೆ ಇದು ಪಶ್ಚಿಮಕ್ಕೆ ನೋಡುತ್ತದೆ. ಸೂರ್ಯೋದಯಕ್ಕೆ ಉತ್ತರದ ಕೊಳದ ದಂಡೆಯಲ್ಲಿ ಸಾವಿರಾರು ಮಂದಿ ಮೊಬೈಲ್ ಎತ್ತಿ ನಿಂತಿರುತ್ತಾರೆ. ಆ ಚಿತ್ರ ಬೇಕೇಬೇಕೆನ್ನುವವರು ಐದು ಗಂಟೆಗೆ ಹೋಗಲಿ. ನನಗೆ ಅದರಲ್ಲಿ ಹೆಚ್ಚು ಆಸಕ್ತಿಯಿಲ್ಲ. ಸೂರ್ಯ ಮೇಲೇರಿ ಗುಂಪು ಉಪಾಹಾರಕ್ಕೆ ಚದುರುವ ಏಳರ ಸುಮಾರಿಗೆ ಪೂರ್ವದ ಹಿಂಬಾಗಿಲಿನಿಂದ ಒಳಗೆ ಬರುವುದು ಹೆಚ್ಚು ಉಪಯುಕ್ತ. ಆಗ ಪೂರ್ವದ ಮೊಗಸಾಲೆಗೆ ಎಳೆಬಿಸಿಲು ಬೀಳುತ್ತಿರುತ್ತದೆ, ಅಲ್ಲಿನ ಸುಮಾರು 49 ಮೀಟರ್ ಉದ್ದದ ಸಮುದ್ರಮಥನದ ಫಲಕ ನಿಮ್ಮೊಬ್ಬರದೇ ಆಗಿರುತ್ತದೆ. ಒಂದೆಡೆ ದೇವತೆಗಳು, ಇನ್ನೊಂದೆಡೆ ಅಸುರರು, ನಡುವೆ ವಿಷ್ಣು, ಕೆಳಗೆ ಕೂರ್ಮ. ದೇವತೆಗಳ ಸಾಲಿನ ಕೊನೆಯಲ್ಲಿ ಬಾಲ ಹಿಡಿದ ವಾನರನನ್ನು ಕಂಡಾಗ ನಮಗೆ ಗೊತ್ತಿರುವ ಕಥೆ ಇಲ್ಲಿ ಬೇರೆ ದಾರಿ ಹಿಡಿದಿದೆಯೆಂದು ತಿಳಿಯುತ್ತದೆ.

ಅದೇ ಮೊಗಸಾಲೆಯ ಉತ್ತರ ಭಾಗದ ಫಲಕಗಳನ್ನು ಹದಿನಾರನೆಯ ಶತಮಾನದಲ್ಲಿ ಮುಗಿಸಿದ್ದು. ಕೈ ಒರಟು, ಬೇಗ ದಾಟಿದರೆ ನಷ್ಟವಿಲ್ಲ.

ಎರಡನೆಯ ಭೇಟಿ ಇನ್ನೊಂದು ದಿನದ ಮಧ್ಯಾಹ್ನ ಮೂರರ ನಂತರ, ಪಶ್ಚಿಮದ ಮೊಗಸಾಲೆಗೆ ಬಿಸಿಲು ತಿರುಗಿದಾಗ. ದಕ್ಷಿಣ ಭಾಗದಲ್ಲಿ ಕುರುಕ್ಷೇತ್ರ: ಎಡಗಡೆಯಿಂದ ಕೌರವರು, ಬಲಗಡೆಯಿಂದ ಪಾಂಡವರು ನಡೆದುಬಂದು ನಡುವೆ ಒಂದಾಗಿ ಕಲೆತುಹೋಗುತ್ತಾರೆ. ಶರಶಯ್ಯೆಯ ಭೀಷ್ಮನನ್ನೂ, ನಾಲ್ಕು ತೋಳಿನಿಂದ ಅರ್ಜುನನ ಸಾರಥ್ಯ ಮಾಡುವ ಕೃಷ್ಣನನ್ನೂ ಮಾರ್ಗದರ್ಶಿ ತೋರಿಸುವ ಮೊದಲೇ ನೀವೇ ಹುಡುಕಿ. ಉತ್ತರ ಭಾಗದಲ್ಲಿ ಲಂಕೆಯ ಯುದ್ಧ. ದಕ್ಷಿಣದ ಮೊಗಸಾಲೆಯಲ್ಲಿ ಸೂರ್ಯವರ್ಮನೇ ಕೊಡೆಗಳ ಕೆಳಗೆ ಕುಳಿತಿದ್ದಾನೆ, ಪಕ್ಕದಲ್ಲಿ ಯಮನ ನ್ಯಾಯಸಭೆ ಮತ್ತು ನರಕಗಳ ವಿವರವಾದ ಚಿತ್ರಣ. ಮೇಲಿನ ಬಾಕಾನ್ ಹಂತಕ್ಕೆ ಕಡಿದಾದ ಮೆಟ್ಟಿಲಿದೆ, ಒಮ್ಮೆಗೆ ಸೀಮಿತ ಜನರನ್ನಷ್ಟೇ ಬಿಡುತ್ತಾರೆ, ಬೌದ್ಧ ಪವಿತ್ರ ದಿನಗಳಲ್ಲಿ ಅದು ಮುಚ್ಚಿರುತ್ತದೆ. ಹೆಗಲು ಮತ್ತು ಮೊಣಕಾಲು ಮುಚ್ಚುವ ಉಡುಪಿಲ್ಲದವರನ್ನು ಹಿಂದೆ ಕಳಿಸುತ್ತಾರೆ; ಮೇಲೆ ಹೊದ್ದ ಶಾಲು ಇಲ್ಲಿ ಸಾಲದು, ತೋಳಿರುವ ಅಂಗಿಯೇ ಬೇಕು.

ಕೊನೆಗೆ ಏಳನೆಯ ಜಯವರ್ಮನ ಕಾಲ. ಬೌದ್ಧನಾದ ಈ ಅರಸ 1186ರಲ್ಲಿ ತಾಯಿಯ ಹೆಸರಿನಲ್ಲಿ ತಾ ಪ್ರೋಮ್, 1191ರಲ್ಲಿ ತಂದೆಯ ಹೆಸರಿನಲ್ಲಿ ಪ್ರಿಯಾ ಖಾನ್ ಕಟ್ಟಿಸಿದ. ತಾ ಪ್ರೋಮ್‌ನ ಶಾಸನವು ಅದರ ಆವರಣದಲ್ಲಿ 12,640 ಜನ ವಾಸಿಸುತ್ತಿದ್ದರೆಂದೂ ರಾಜ್ಯದಲ್ಲಿ 102 ಆಸ್ಪತ್ರೆಗಳಿದ್ದವೆಂದೂ ಹೇಳುತ್ತದೆ. ಇಲ್ಲಿನ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆ ಬಹುಕಾಲ ದುಡಿದಿದೆ. ಬೇರುಗಳ ನಡುವಿನ ಬಾಗಿಲಿಗಾಗಿ ಎಲ್ಲರೂ ತಾ ಪ್ರೋಮ್‌ನಲ್ಲಿ ಸಾಲುಗಟ್ಟುತ್ತಾರೆ. ಅದೇ ಬಗೆಯ ಮರ, ಅದೇ ಬಗೆಯ ಮೌನ ಪ್ರಿಯಾ ಖಾನ್‌ನಲ್ಲಿ ಸಾಲಿಲ್ಲದೆ ದೊರೆಯುತ್ತದೆ. ಬಾಯೊನ್ ಗುಡಿಯಲ್ಲಿ ಮುಗುಳ್ನಗುವ ಮುಖಗಳತ್ತ ಮೇಲೆ ಓಡುವ ಮುನ್ನ ಹೊರ ಮೊಗಸಾಲೆಯನ್ನು ಒಂದು ಸುತ್ತು ಹಾಕಿ. ಮೀನು ಮಾರುವವಳು, ಕೋಳಿ ಅಂಕ, ಹೆರಿಗೆ, ನೆರೆಯ ಚಂಪಾ ರಾಜ್ಯದ ಚಾಮ್ ಜನರೊಂದಿಗಿನ ದೋಣಿಯುದ್ಧ ಎಲ್ಲ ಅಲ್ಲಿವೆ. ದೇವರುಗಳ ನಾಲ್ಕು ದಿನಗಳ ನಂತರ ಮೊದಲ ಬಾರಿಗೆ ಆ ಕಾಲದ ಸಾಮಾನ್ಯ ಜನ ಕಾಣಸಿಗುತ್ತಾರೆ.

ಇನ್ನೂ ಒಂದು ದಿನ ಉಳಿದರೆ ಕೊ ಕೇರ್‌ಗೆ ಕಾರಿನಲ್ಲಿ ಹೋಗಿ. ನಾಲ್ಕನೆಯ ಜಯವರ್ಮ ಹತ್ತನೆಯ ಶತಮಾನದಲ್ಲಿ ಕೆಲವೇ ವರ್ಷ ಆಳಿದ ಈ ರಾಜಧಾನಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಏಳು ಹಂತದ ಅಲ್ಲಿನ ಪಿರಮಿಡ್ಡು ಸುಮಾರು 36 ಮೀಟರ್ ಎತ್ತರವಿದೆ. ಈ ಕಡೆಯ ನೆಲದಲ್ಲಿ ನೆಲಬಾಂಬುಗಳನ್ನು ತೆಗೆದ ಜಾಗಗಳಲ್ಲಷ್ಟೇ ನಡೆಯಬೇಕು. ಕಾಲುದಾರಿ ಬಿಟ್ಟು ಪೊದೆಯೊಳಗೆ ಇಳಿಯಬಾರದು.

ಎಲ್ಲಿ ತಂಗುವುದು

ಅತಿ ದುಬಾರಿಯ ಕೊಠಡಿಯೇ ಬೇಕೆಂದರೆ ಚರಿತ್ರೆಯಿರುವ ಕಟ್ಟಡಗಳನ್ನು ಆರಿಸಿ. ನೋಮ್ ಪೆನ್‌ನ ರ‍್ಯಾಫಲ್ಸ್ ಲೆ ರಾಯಲ್ 1929ರದ್ದು, ಸಿಯೆಮ್ ರೀಪ್‌ನ ರ‍್ಯಾಫಲ್ಸ್ ಗ್ರಾಂಡ್ ಹೋಟೆಲ್ ದಾಂಕೋರ್ 1932ರದ್ದು. ಫ್ರೆಂಚರ ಕಾಲದಲ್ಲಿ ಗುಡಿ ನೋಡಲು ಹಡಗಿನಲ್ಲಿ ಬರುತ್ತಿದ್ದವರಿಗೆಂದು ಹುಟ್ಟಿದ ಹೋಟೆಲುಗಳಿವು. ಅಮನ್‌ಸಾರ 1960ರ ದಶಕದಲ್ಲಿ ಆಗ ದೇಶವನ್ನಾಳುತ್ತಿದ್ದ ಸಿಹಾನುಕ್ ತನ್ನ ಅತಿಥಿಗಳಿಗಾಗಿ ಕಟ್ಟಿಸಿದ ಬಂಗಲೆ, ಸ್ವಾತಂತ್ರ್ಯಾನಂತರದ ಖ್ಮೇರ್ ವಾಸ್ತುಶೈಲಿಯ ಅಪರೂಪದ ಉಳಿಕೆ. ಇಂಥ ಕಡೆ ಕೊಠಡಿಯ ಬೆಲೆಯಲ್ಲಿ ಒಂದಂಶ ಆ ಚರಿತ್ರೆಗೂ ಸಲ್ಲುತ್ತದೆ. ಇದೆಲ್ಲ ಭಾರವೆನಿಸಿದರೆ ಸಿಯೆಮ್ ರೀಪ್‌ನಲ್ಲಿ ಹತ್ತಿಪ್ಪತ್ತು ಕೊಠಡಿಗಳ ಚಿಕ್ಕ, ಅಚ್ಚುಕಟ್ಟಾದ ಹೋಟೆಲುಗಳು ಬೇಕಾದಷ್ಟಿವೆ. ಒಂದು ಮಾತು ಮಾತ್ರ ಗಟ್ಟಿ: ಈಜುಕೊಳವಿರಲಿ. ಬೆಳಗ್ಗೆ ಆರರಿಂದ ಹತ್ತೂವರೆ, ಮಧ್ಯಾಹ್ನ ಮೂರರಿಂದ ಸಂಜೆ ಗುಡಿ ನೋಡುವವರಿಗೆ ನಡುವಿನ ಉರಿಬಿಸಿಲಿನ ಹೊತ್ತು ಕಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ದಕ್ಷಿಣದ ದ್ವೀಪಗಳ ಐಷಾರಾಮಿ ವಸತಿಗಳು ಸುಂದರವಾದರೂ ಸಂಸ್ಕೃತಿಯ ದೃಷ್ಟಿಯಿಂದ ಬರಿದು. ಕಡಲು ಬೇಕೆನ್ನುವವರಿಗೆ ಕಂಪೋಟ್ ಮತ್ತು ಕೆಪ್ ಹೆಚ್ಚು ಕೊಡುತ್ತವೆ; 2010ರಲ್ಲಿ ಭೌಗೋಳಿಕ ಗುರುತು ಪಡೆದ ಕಂಪೋಟ್ ಕರಿಮೆಣಸಿನ ತೋಟಗಳನ್ನು ಅಲ್ಲಿ ನಡೆದು ನೋಡಬಹುದು.

ಸಸ್ಯಾಹಾರಿಗಳಿಗೆ

ಇಲ್ಲಿನ ಅಡುಗೆಯ ಬುನಾದಿ ಪ್ರಹೋಕ್ ಎಂಬ ಹುದುಗಿಸಿದ ಮೀನು ಮತ್ತು ಮೀನಿನ ಸಾರ. ತರಕಾರಿ ಪಲ್ಯವೆಂದು ತಂದಿಟ್ಟದ್ದರಲ್ಲೂ ಅದು ಇರುವುದುಂಟು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಅದರಲ್ಲಿ ಸೇರಿದೆಯೆಂದು ಅವರು ತಿಳಿಯುವುದಿಲ್ಲ. ಮೀನು, ಸೀಗಡಿ, ಮೀನಿನ ಸಾರ, ಮೊಟ್ಟೆ ಪ್ರತಿಯೊಂದನ್ನೂ ಹೆಸರಿಸಿ ಖ್ಮೇರ್ ಭಾಷೆಯಲ್ಲಿ ಬರೆಸಿಕೊಂಡ ಚೀಟಿ ಜೇಬಿನಲ್ಲಿರಲಿ. ಒಳ್ಳೆಯ ಹೋಟೆಲಿನ ಅಡುಗೆಯವರಿಗೆ ಹಿಂದಿನ ದಿನವೇ ತಿಳಿಸಿದರೆ ಬಾಳೆ ಎಲೆಯಲ್ಲಿ ತೆಂಗಿನ ಹಾಲು ಹಾಕಿ ಹಬೆಯಲ್ಲಿ ಬೇಯಿಸುವ ಅಮೊಕ್ ಅನ್ನು ಮೀನಿನ ಬದಲು ಅಣಬೆ, ಸೋಯಾ ಪನೀರಿನಿಂದ ಮಾಡಿಕೊಡುತ್ತಾರೆ; ಅದು ರುಚಿಯಲ್ಲಿ ಹಿಂದೆ ಬೀಳುವುದಿಲ್ಲ.

ನೃತ್ಯ, ರೇಷ್ಮೆ ಮತ್ತು ಕೊಳ್ಳಬಾರದ ವಸ್ತುಗಳು

ಅರಮನೆಯ ನೃತ್ಯಪರಂಪರೆಯನ್ನು ಯುನೆಸ್ಕೋ 2003ರಲ್ಲೇ ಗುರುತಿಸಿತು. ಖ್ಮೇರ್ ರೂಜ್ ಕಾಲದಲ್ಲಿ ಅದರ ಕಲಾವಿದರಲ್ಲಿ ಹೆಚ್ಚಿನವರು ಸತ್ತರು. ಬದುಕುಳಿದ ಕೆಲವರು ನೆನಪಿನಿಂದ ಹಸ್ತಮುದ್ರೆಗಳನ್ನು ಮಕ್ಕಳಿಗೆ ಕಲಿಸಿ ಅದನ್ನು ಉಳಿಸಿದರು. ಹಾಗಿರುವಾಗ ಊಟದ ತಟ್ಟೆಗಳ ಸದ್ದಿನ ನಡುವೆ ನಡೆಯುವ ಅಪ್ಸರಾ ಪ್ರದರ್ಶನಗಳಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕುಳಿತು ನೋಡುವ ರಂಗಮಂದಿರದ ಪ್ರದರ್ಶನವನ್ನೋ, ತರಬೇತಿ ಶಾಲೆಯ ಅಭ್ಯಾಸವನ್ನೋ ನೋಡಲು ಮಾರ್ಗದರ್ಶಿಯ ಮೂಲಕ ಅನುಮತಿ ಪಡೆಯಿರಿ. ತೊಗಲುಗೊಂಬೆಯಲ್ಲಿ ಆಸಕ್ತಿಯಿರುವವರು ಸ್ಬೆಕ್ ತೋಮ್ ಆಟವನ್ನು ವಿಚಾರಿಸಬೇಕು. ಒಂದೇ ಚರ್ಮದಲ್ಲಿ ಇಡೀ ದೃಶ್ಯವನ್ನೇ ಕತ್ತರಿಸಿದ, ಆಳೆತ್ತರಕ್ಕೆ ಹತ್ತಿರದ ಆ ಗೊಂಬೆಗಳನ್ನು ಹಿಡಿದು ಆಡಿಸುವವರು ಪರದೆಯ ಮುಂದೆಯೂ ಹಿಂದೆಯೂ ಕುಣಿಯುತ್ತಾರೆ, ಕಥೆ ರಾಮಾಯಣದ್ದೇ. ಬಟ್ಟಂಬಾಂಗ್‌ನ ಕಲಾಶಾಲೆಯಲ್ಲಿ ಕಲಿತವರು ಸಿಯೆಮ್ ರೀಪ್‌ನಲ್ಲಿ ನಡೆಸುವ ಫಾರೆ ಸರ್ಕಸ್ ಬೇರೆಯೇ ಜಾತಿಯದು, ಮಕ್ಕಳಿದ್ದರೆ ತಪ್ಪಿಸಬೇಡಿ.

ಸಂತೆಯಲ್ಲಿ ರೇಷ್ಮೆಯೆಂದು ಮಾರುವುದರಲ್ಲಿ ಬಹಳಷ್ಟು ಕೃತಕ ನೂಲು. ನಿಜವಾದ ಖ್ಮೇರ್ ರೇಷ್ಮೆಯ ಹಳದಿ ಗೂಡು ಒರಟಾದ ಹೊಂಬಣ್ಣದ ನೂಲು ಕೊಡುತ್ತದೆ. ನೂಲಿಗೆ ಮೊದಲೇ ಕಟ್ಟುಕಟ್ಟಿ ಬಣ್ಣ ಹಾಕಿ ನೇಯುವ ಹೋಲ್ ಬಟ್ಟೆಯನ್ನು, ಮಗ್ಗವನ್ನೂ ಬಣ್ಣದ ಪಾತ್ರೆಯನ್ನೂ ಕಣ್ಣಾರೆ ಕಂಡ ಕಡೆಯೇ ಕೊಳ್ಳಿ. ಸಿಯೆಮ್ ರೀಪ್ ಬಳಿಯ ಐಕೆಟಿಟಿ ಎಂಬ ಸಾಂಪ್ರದಾಯಿಕ ಜವಳಿ ಸಂಸ್ಥೆಯ ಹಳ್ಳಿ ಇದಕ್ಕೆ ತಕ್ಕ ಸ್ಥಳ. ಜಪಾನಿನ ಕಿಕುವೊ ಮೊರಿಮೊಟೊ ಉಳಿದಿದ್ದ ಹಿರಿಯ ನೇಯ್ಗೆಗಾರ್ತಿಯರನ್ನು ಹುಡುಕಿ ಒಟ್ಟುಗೂಡಿಸಿ ಕಟ್ಟಿದ ಆ ಸಂಸ್ಥೆಯಲ್ಲಿ ಹಿಪ್ಪುನೇರಳೆ ಗಿಡದಿಂದ ಮಡಿಸಿದ ಬಟ್ಟೆಯವರೆಗೆ ಎಲ್ಲ ಕೆಲಸವೂ ಒಂದೇ ಕಡೆ ನಡೆಯುತ್ತದೆ. ಬೆಲೆ ಹೆಚ್ಚು, ಚೌಕಾಸಿ ಅಲ್ಲಿ ಸಲ್ಲದು.

ಗುಡಿಗಳ ಬಳಿ ಅಂಚೆಚಿತ್ರ ಮಾರುವ ಮಕ್ಕಳಿಂದ ಏನನ್ನೂ ಕೊಳ್ಳಬೇಡಿ, ಅದು ಅವರನ್ನು ಶಾಲೆಯಿಂದ ಹೊರಗೆ ಇಡುತ್ತದೆ. ಅನಾಥಾಲಯಗಳಿಗೆ ಪ್ರವಾಸಿಯಾಗಿ ಹೋಗುವುದೂ ಬೇಡ. ಭಿಕ್ಷುಗಳ ಚಿತ್ರ ತೆಗೆಯುವ ಮುನ್ನ ಕೇಳಬೇಕು, ಹೆಂಗಸರು ಅವರನ್ನು ಮುಟ್ಟಬಾರದು ಮತ್ತು ಕೈಗೆ ಕೈ ವಸ್ತು ಕೊಡಬಾರದು. ಎರಡೂ ಕೈ ಜೋಡಿಸುವ ಸಂಪೆಯಾ ನಮಸ್ಕಾರ ನಮಗೆ ಹೊಸದಲ್ಲ. ಅಲ್ಲಿ ಹಿರಿಯರಿಗೆ ಕೈ ಎದೆಗಿಂತ ಮೇಲೆ, ಭಿಕ್ಷುಗಳಿಗೆ ಇನ್ನೂ ಮೇಲೆ ಏರುತ್ತದೆಂಬುದನ್ನು ನೆನಪಿಟ್ಟರೆ ಸಾಕು.

ಹಳೆಯ ಕಲ್ಲಿನ ತಲೆ, ಕಂಚಿನ ವಿಗ್ರಹ, ಶಾಸನದ ತುಂಡು ಎಂದು ಯಾರಾದರೂ ಪಿಸುಮಾತಿನಲ್ಲಿ ತೋರಿಸಿದರೆ ಅಲ್ಲಿಂದ ಹೊರಟುಬಿಡಿ. ಪರವಾನಗಿಯಿಲ್ಲದೆ ಪುರಾತನ ವಸ್ತುವನ್ನು ದೇಶದಿಂದ ಒಯ್ಯುವುದನ್ನು 1996ರ ಪರಂಪರೆ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ, ಅದು ನಿಜವೋ ನಕಲಿಯೋ ಎಂಬ ವಾದ ವಿಮಾನ ನಿಲ್ದಾಣದಲ್ಲಿ ನಡೆದರೆ ವಿಮಾನ ತಪ್ಪುತ್ತದೆ. ಹೊಸದಾಗಿ ಕೆತ್ತಿದ ಶಿಲ್ಪವನ್ನು ಕೊಂಡರೂ ಕಾರ್ಯಾಗಾರದ ರಸೀದಿಯಲ್ಲಿ ಅದು ಹೊಸ ಕೆಲಸವೆಂದು ಬರೆಸಿಕೊಂಡು, ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.